‘ತಕರಾರು’ ಮತ್ತು ‘ಕಿರಿಕ್’: ವ್ಯುತ್ಪತ್ತಿಯ ಮಿತಿಯನ್ನು ಕುರಿತು ಒಂದು ವಿಮರ್ಶಾ ಟಿಪ್ಪಣಿ

ನಗರದ ಆಡುಮಾತಿನ ಪದಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ‘ಇದು ಯಾವ ಭಾಷೆಯಿಂದ ಬಂತು’ ಎಂಬ ಪ್ರಶ್ನೆಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಭಿನ್ನಾಭಿಪ್ರಾಯವನ್ನು ಸೂಚಿಸುವ ಎರಡು ಪದಗಳ ಮೂಲಕ ಈ ಕ್ರಮದ ಕೊರತೆಯನ್ನು ತೋರಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ. ಕನ್ನಡ, ತಮಿಳು, ತೆಲುಗು, ಉರ್ದು ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಬೆಂಗಳೂರಿನ ಶ್ರೀರಾಂಪುರದಂತಹ ಬಡಾವಣೆಯಲ್ಲಿ ‘ತಕರಾರು’, ‘ಕಿರಿಕ್’ ಎರಡೂ ಬಳಕೆಯಲ್ಲಿವೆ. ಎರಡಕ್ಕೂ ‘ಜಗಳ, ತಂಟೆ’ ಎಂದು ಅರ್ಥ ಬರೆದರೆ ತಪ್ಪಲ್ಲ. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುವುದಿಲ್ಲ.

‘ತಕರಾರು’ ಪದದ ಮೂಲ ಸ್ಪಷ್ಟವಾಗಿದೆ. ಅರಬ್ಬಿಯ ‘ತಕ್ರಾರ್’ ಎಂದರೆ ಪುನರಾವರ್ತನೆ. ಪಾರಸಿಯ ಮೂಲಕ ಉರ್ದುವಿಗೆ ಬಂದಾಗ ಅದಕ್ಕೆ ವಾಗ್ವಾದವೆಂಬ ಅರ್ಥವೂ ಸೇರಿತು. ಕನ್ನಡದಲ್ಲಿ ಮೊದಲ ಅರ್ಥ ಅಳಿದು ಆಕ್ಷೇಪಣೆಯ ಅರ್ಥ ಮಾತ್ರ ಉಳಿದಿದೆ.

‘ಕಿರಿಕ್’ ಪದಕ್ಕೆ ತಮಿಳಿನ ‘ಕಿರುಕ್ಕು’ ಮೂಲವೆಂಬ ಊಹೆ ಇಂತಹ ಪರಿಸರದಲ್ಲಿ ಸಹಜ. ಆದರೆ ಅಲ್ಲಿಯ ಅರ್ಥ ಹುಚ್ಚು, ಅಂದರೆ ವ್ಯಕ್ತಿಯ ಸ್ಥಿತಿ. ‘ಕಿರಿಕ್ ಮಾಡು’ ಎಂಬುದು ಕ್ರಿಯೆ. ಕನ್ನಡದ ಅನುಕರಣ ಪದಗಳಲ್ಲಿ ‘ಪಟಪಟ–ಪಟಕ್ಕನೆ’, ‘ಚಟಚಟ–ಚಟಕ್ಕನೆ’ ಎಂಬ ಜೋಡಿಗಳಿವೆ: ದ್ವಿರುಕ್ತಿಯು ಮುಂದುವರಿಯುವ ಸದ್ದನ್ನೂ ‘ಕ್’ ಒಂದೇ ಏಟಿನ ಸದ್ದನ್ನೂ ಹೇಳುತ್ತವೆ. ‘ಕಿರಿಕಿರಿ–ಕಿರಿಕ್’ ಈ ಮಾದರಿಗೆ ಹೊಂದುತ್ತದೆ. ಸ್ವರಾಂತವಾಗದೆ ಉಳಿದಿರುವ ಅದರ ರೂಪವೂ ಇದನ್ನೇ ಬೆಂಬಲಿಸುತ್ತದೆ.

ಹೀಗೆ ನೋಡಿದರೆ ಎರಡೂ ಪದಗಳ ಹಿಂದೆ ಇರುವುದು ಪುನರಾವರ್ತನೆಯೇ. ಒಪ್ಪದವನ ಮಾತು ಕೇಳುವವನ ಕಿವಿಗೆ ‘ಮತ್ತೆ ಅದೇ’ ಎನಿಸುತ್ತದೆ. ಮೂಲಭಾವ ಒಂದೇ ಆದರೂ ಗತಿ ಬೇರೆಯಾಯಿತು. ‘ಇದಕ್ಕೆ ನನ್ನ ತಕರಾರಿದೆ’ ಸಹಜ ವಾಕ್ಯ; ‘ಇದಕ್ಕೆ ನನ್ನ ಕಿರಿಕ್ ಇದೆ’ ಎಂದು ಯಾರೂ ಆಡುವುದಿಲ್ಲ. ‘ನಾನೇ ಕಿರಿಕ್ ಮಾಡ್ದೆ’ ಎಂಬ ಪ್ರಯೋಗ ಸಾಧ್ಯ, ನಿಜ. ಅಲ್ಲಿ ಆಡುವವನು ಪರರು ಇಟ್ಟ ಹೆಸರನ್ನು ತಪ್ಪೊಪ್ಪಿಗೆಯಾಗಿಯೋ ಜಂಬವಾಗಿಯೋ ಧರಿಸುತ್ತಾನೆ. 2016ರ ‘ಕಿರಿಕ್ ಪಾರ್ಟಿ’ ಚಲನಚಿತ್ರದ ಶೀರ್ಷಿಕೆ ಈ ಎರಡನೆಯ ಬಗೆಯದು.

ಈ ವ್ಯತ್ಯಾಸವನ್ನು ವ್ಯುತ್ಪತ್ತಿ ವಿವರಿಸಲಾರದು. ಕಂದಾಯ ಕಚೇರಿಯ ಕಡತಗಳು ‘ತಕರಾರು ಅರ್ಜಿ’ಯನ್ನು ಸ್ವೀಕರಿಸಿ, ಒಪ್ಪದವನಿಗೆ ‘ತಕರಾರುದಾರ’ನೆಂಬ ಸ್ಥಾನ ಕೊಟ್ಟವು, ಪದಕ್ಕೆ ಉತ್ತಮಪುರುಷ ದಕ್ಕಿತು. ‘ಕಿರಿಕ್’ಗೆ ಅಂತಹ ಆಶ್ರಯ ದೊರೆಯಲಿಲ್ಲ. ಮುಂಗಡ ಹಣವನ್ನು ಮರಳಿ ಕೇಳಿದ ಬಾಡಿಗೆದಾರನನ್ನು ಮನೆಯ ಮಾಲೀಕ ‘ಕಿರಿಕ್ ಪಾರ್ಟಿ’ ಎಂದೊಡನೆ, ಕೇಳಿದ್ದು ನ್ಯಾಯವೇ ಎಂಬ ಪ್ರಶ್ನೆ ಬದಿಗೆ ಸರಿದು, ಕೇಳಿದವನ ಸ್ವಭಾವವೇ ಚರ್ಚೆಯ ವಿಷಯವಾಗುತ್ತದೆ.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಆಧರಿಸಿ ಪದಚರಿತ್ರೆಗೆ ಮೇಲ್ಪಂಕ್ತಿ ಹಾಕಿಕೊಟ್ಟಿದೆ. ಬೀದಿಯ ಮಾತಿಗೆ ಅಷ್ಟು ಸಾಲದು. ಯಾರು, ಯಾರಿಗೆ, ಯಾರನ್ನು ಕುರಿತು ಆಡಿದರು ಎಂಬುದನ್ನು ದಾಖಲಿಸದ ಕೋಶದಲ್ಲಿ ‘ಕಿರಿಕ್’ಗೆ ಸಿಗುವ ಅರ್ಥ ಮಾಲೀಕನ ಪಕ್ಷದ್ದೇ ಆಗಿರುತ್ತದೆ.