ಪ್ರವಾಸ ಕಥನದಲ್ಲಿ ಆತಿಥೇಯನ ಸ್ಥಾನ

ಪ್ರವಾಸ ಕಥನಗಳನ್ನು ಓದುವ ವಾಡಿಕೆಯುಳ್ಳವರು ಒಂದು ಸಂಗತಿಯನ್ನು ಗಮನಿಸಿಯೇ ಇರುವರು. ಅಂಥ ಗ್ರಂಥಗಳಲ್ಲಿ ಬೆಟ್ಟಗಳಿಗೆ ಹೆಸರಿರುತ್ತದೆ, ನದಿಗಳಿಗೆ ಹೆಸರಿರುತ್ತದೆ, ದೇವಾಲಯಗಳಿಗೆ ಹೆಸರಿರುತ್ತದೆ. ದಾರಿಯಲ್ಲಿ ನೀರು ಕೊಟ್ಟವರಿಗೆ ಮಾತ್ರ ಹೆಸರಿರುವುದಿಲ್ಲ. ಹಳ್ಳಿಯ ಸರಳ ಜನರು ಆದರದಿಂದ ಉಪಚರಿಸಿದರೆಂದು ಒಂದು ವಾಕ್ಯವನ್ನು ಬರೆದು, ಋಣ ಸಂದಿತೆಂದು ಲೇಖಕನು ಮುಂದಿನ ಊರಿಗೆ ಹೊರಡುವನು. ದಾರಿಯಲ್ಲಿ ದೊರೆತ ಗೆಳೆತನವು ಬರೆಹದಲ್ಲಿಯೂ ಗೆಳೆತನವಾಗಿ ಉಳಿಯುವುದು ಎಂದು, ಬರಿಯ ಉಪಕಾರಸ್ಮರಣೆಯಾಗಿ ಮುಗಿಯುವುದು ಎಂದು ಎಂಬ ಪ್ರಶ್ನೆಯನ್ನು ವಿಮರ್ಶಕರು ಕೇಳುವುದು ವಿರಳ. ಆದರೆ ಈ ಬಗೆಯ ಸಾಹಿತ್ಯದ ಸತ್ತ್ವವನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ದೊರೆಯಲಾರದು.

ಬೈಸಿಕಲ್ಲಿನ ಮೇಲೆ ದೂರದೇಶ ಸುತ್ತುವವರ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ರೈಲಿನವನು ಊರನ್ನು ಕಿಟಕಿಯಿಂದ ಕಾಣುವನು. ಮೋಟಾರಿನವನು ಊರನ್ನು ದಾಟುವನು. ಬೈಸಿಕಲ್ಲಿನವನಿಗೆ ಊರಿನ ಹಂಗು ತಪ್ಪದು. ಏರು ಬಂದರೆ ಇಳಿದು ತಳ್ಳಬೇಕು, ಬಾಯಾರಿದರೆ ಬೇಲಿಯ ಹೊರಗೆ ನಿಂತು ಕೂಗಬೇಕು, ಕತ್ತಲಾದರೆ ಯಾರದೋ ಜಗುಲಿಯನ್ನು ಬೇಡಬೇಕು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಹೊರಟು 1928ರ ಮಾರ್ಚಿನಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿ ಬಂದ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂಬ ಪಾರಸಿ ತರುಣರಿಗೂ ಈ ಹಂಗು ತಪ್ಪಿದ್ದಲ್ಲ. 1963ರಲ್ಲಿ ಐರ್ಲೆಂಡಿನಿಂದ ಭಾರತದವರೆಗೆ ಒಂಟಿಯಾಗಿ ಬೈಸಿಕಲ್ಲು ತುಳಿದ ಡರ್ವ್ಲಾ ಮರ್ಫಿಯವರ ‘ಫುಲ್ ಟಿಲ್ಟ್’ (1965) ಎಂಬ ಗ್ರಂಥದಲ್ಲಿ ಪ್ರತಿ ರಾತ್ರಿಗೂ ಒಬ್ಬ ಹೊಸ ಆತಿಥೇಯನಿರುವನು. ಅದೇ ಲೇಖಕಿ ಮುಂದೆ ಚಿಕ್ಕ ಮಗಳೊಡನೆ ಕೊಡಗಿಗೆ ಬಂದು, ಬೈಸಿಕಲ್ಲಿಲ್ಲದೆ, ಕೆಲಕಾಲ ಅಲ್ಲಿಯೇ ನಿಂತು ಬರೆದ ಕಥನ 1976ರಲ್ಲಿ ಪ್ರಕಟವಾಯಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಭೇದ ತಿಳಿಯುವುದು. ಮೊದಲನೆಯದರಲ್ಲಿ ಮನುಷ್ಯರು ಬಂದು ಹೋಗುವರು. ಎರಡನೆಯದರಲ್ಲಿ ನೆರೆಹೊರೆಯವರು ಮತ್ತೆ ಮತ್ತೆ ಬರುವರು. ಗೆಳೆತನಕ್ಕೆ ಆದರದಷ್ಟೇ ಕಾಲವೂ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಕಾಲವಿಲ್ಲದ ಪ್ರವಾಸಿ, ಒಂದು ರಾತ್ರಿ ತಂಗಿ ಬೆಳಗಾಗುವಾಗ ಹೊರಡುವವನು, ತನ್ನ ಆತಿಥೇಯನಿಗೆ ನ್ಯಾಯವನ್ನು ಸಲ್ಲಿಸುವುದು ಹೇಗೆ? ಇದಕ್ಕೆ ಒಂದು ಸಾಧಾರಣವಾದ ಒರೆಗಲ್ಲನ್ನು ಸೂಚಿಸಬಹುದು. ಬರೆದ ಪುಟವನ್ನು ಅದೇ ಜಗುಲಿಯಲ್ಲಿ ಕುಳಿತು, ಅದೇ ಮನೆಯವರ ಎದುರಿಗೆ, ಸಂಕೋಚವಿಲ್ಲದೆ ಓದಿ ಹೇಳಲು ಸಾಧ್ಯವೆ? ಸಾಧ್ಯವಿದ್ದರೆ ಅದು ಗೆಳೆತನದ ಬರೆಹ. ಇಲ್ಲದಿದ್ದರೆ ಅದು ಬೇರೆ ಏನೋ.

ಈ ಒರೆಗಲ್ಲಿಗೆ ಹಚ್ಚಿ ನೋಡುವುದಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳು ಬಲು ಅನುಕೂಲವಾಗಿವೆ. ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ದಣಿವಾರಿದ ಮೇಲೆ ಬಂದ ಕಾರಣವನ್ನು ಕೇಳುವುದು ಈ ಸೀಮೆಯ ಹಳೆಯ ಮರ್ಯಾದೆ. ದೂರದಿಂದ ಬಂದವರು ಈ ದಾರಿಗಳಲ್ಲಿ ನಡೆದು ಬರೆದ ಕಥನಗಳೂ, ಈ ದಾರಿಗಳಲ್ಲಿ ಹುಟ್ಟಿದವರು ಬರೆದ ಕಥನಗಳೂ ದೊರೆಯುತ್ತವೆ.

ಮೊದಲು ಸಾಗರದ ಬಳಿಯ ಇಕ್ಕೇರಿ. ರೋಮ್ ನಗರದ ಕುಲೀನನಾದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ನವೆಂಬರಿನಲ್ಲಿ, ಪೋರ್ಚುಗೀಸರ ರಾಯಭಾರಿಯ ಸಂಗಡ, ವೆಂಕಟಪ್ಪ ನಾಯಕನ ರಾಜಧಾನಿಯಾಗಿದ್ದ ಈ ಊರಿಗೆ ಬಂದನು. ಅವನು ತನ್ನ ಮಿತ್ರನಿಗೆ ಬರೆದ ಭಾರತದ ಪತ್ರಗಳು ಅವನ ಮರಣಾನಂತರ 1663ರಲ್ಲಿ ಅಚ್ಚಾದವು. ಇಕ್ಕೇರಿಯ ದಾರಿಯಲ್ಲಿ, ಗೇರುಸೊಪ್ಪೆಯ ಘಟ್ಟದ ನಡುವಣ ಒಂದು ದೇವಾಲಯದ ಜಗುಲಿಯಲ್ಲಿ, ನಾಲ್ವರು ಹುಡುಗರು ಮರಳು ಹರಡಿದ ನೆಲದ ಮೇಲೆ ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಹಾಡುತ್ತ, ಲೆಕ್ಕ ಕಲಿಯುತ್ತಿರುವುದನ್ನು ಅವನು ಕಂಡನು. ಗುರುವಿಲ್ಲದೆ ಕಲಿಯುವಾಗ ಪಾಠ ಮರೆತರೆ ತಿದ್ದುವವರಾರೆಂದು ಕೇಳಿದನು. ನಾಲ್ವರೂ ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲವೆಂದೂ, ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪು ಮಾಡುವನೆಂದೂ ಹುಡುಗರು ಉತ್ತರಕೊಟ್ಟರು. ಪ್ರವಾಸಿಯು ಅವರ ಉಪಾಯವನ್ನು ಮನಸಾರೆ ಮೆಚ್ಚಿ ಬರೆದಿಟ್ಟನು. ಈ ಪುಟವನ್ನು ಆ ಹುಡುಗರ ಎದುರಿಗೆ ಓದಿದ್ದರೆ ಅವರು ನಕ್ಕು ಸಂತೋಷಪಡುತ್ತಿದ್ದರು. ಇಲ್ಲಿ ಕೇಳಿದವನು ಕಲಿಯುತ್ತಾನೆ. ಉತ್ತರ ಕೊಟ್ಟವರು ಗುರುಗಳಾಗುತ್ತಾರೆ.

ಅದೇ ಪತ್ರಗಳಲ್ಲಿ ಇದಕ್ಕಿಂತ ಕಠಿನವಾದ ಪ್ರಸಂಗವೊಂದಿದೆ. ಇಕ್ಕೇರಿಯಲ್ಲಿ ಒಬ್ಬ ವಾದ್ಯಗಾರನ ವಿಧವೆ ಸಹಗಮನಕ್ಕೆ ಸಿದ್ಧಳಾಗಿರುವಳೆಂದು ಕೇಳಿ, ದೆಲ್ಲಾ ವಾಲ್ಲೆ ಅವಳ ಮನೆಗೆ ಹೋದನು. ಅವಳ ಹೆಸರನ್ನು ಕೇಳಿ ತನ್ನ ಭಾಷೆಯ ಕಾಗುಣಿತದಲ್ಲಿ ಬರೆದುಕೊಂಡನು. ಅದು ಜಕ್ಕಮ್ಮನೆಂದೇ ಇದ್ದಿರಬೇಕು. ಚಿಕ್ಕ ಮಗುವನ್ನು ಬಿಟ್ಟು ಸಾಯಬೇಡವೆಂದು ವಾದಿಸಿದನು. ತಾನು ಸ್ವಂತ ಇಚ್ಛೆಯಿಂದಲೇ ಹೋಗುವೆನೆಂದು ಅವಳು ಹೇಳಿದಳು. ತನ್ನ ಲೇಖನಿಗೆ ಶಕ್ತಿಯಿದ್ದರೆ ಅವಳ ಹೆಸರು ಲೋಕದಲ್ಲಿ ಉಳಿಯುವುದೆಂದು ಅವನು ಮಾತು ಕೊಟ್ಟನು. ಆ ಮಾತನ್ನು ಅವನು ನಡೆಸಿದನೆಂಬುದಕ್ಕೆ ಇಂದು ಆ ಹೆಸರು ತಿಳಿದಿರುವುದೇ ಸಾಕ್ಷಿ. ಅಷ್ಟರ ಮಟ್ಟಿಗೆ ಅವನು ಎಷ್ಟೋ ಪ್ರವಾಸಿಗಳಿಗಿಂತ ಮೇಲು. ಆದರೂ ಈ ಪುಟವನ್ನು ಆ ಮನೆಯ ಜಗುಲಿಯಲ್ಲಿ, ತಾಯಿಯನ್ನು ಕಳೆದುಕೊಳ್ಳಲಿರುವ ಮಗುವಿನ ಎದುರಿಗೆ, ಓದಲು ಸಾಧ್ಯವೆ? ಅವಳ ಧೈರ್ಯವನ್ನು ಹೊಗಳುವ ಸಂಭ್ರಮದಲ್ಲಿ ಅವಳ ದುಃಖ ಹಿಂದೆ ಬೀಳುತ್ತದೆ. ಸ್ನೇಹವಿರಬೇಕಾದ ಸ್ಥಾನವನ್ನು ಮೆಚ್ಚುಗೆ ಆಕ್ರಮಿಸುತ್ತದೆ. ಆತಿಥೇಯರನ್ನು ಅದ್ಭುತವಾಗಿ ಕಾಣುವ ಪ್ರವಾಸಿಗಳೆಲ್ಲರಿಗೂ ಇರುವ ದೋಷವಿದು.

ಎರಡನೆಯದು ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು. ಕಂಪೆನಿ ಸರಕಾರದ ಆಜ್ಞೆಯಂತೆ 1800–01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಡಿಕೆ, ಮೆಣಸು, ಭತ್ತ, ಅಳತೆ, ಕೂಲಿ, ತೆರಿಗೆ ಮೊದಲಾದವುಗಳ ವಿಷಯದಲ್ಲಿ ಆ ಗ್ರಂಥ ಒಂದು ಗಣಿ. ಮಲೆನಾಡಿನ ಆರ್ಥಿಕ ಚರಿತ್ರೆಯನ್ನು ಬರೆಯುವವರಾರೂ ಅದನ್ನು ಬಿಡಲಾರರು. ಆದರೆ ಅಷ್ಟು ಜನರನ್ನು ಪ್ರಶ್ನಿಸಿದವನ ಪುಟಗಳಲ್ಲಿ ಮುಖಗಳು ಮಾತ್ರ ಕಾಣಿಸುವುದಿಲ್ಲ. ಉತ್ತರ ಕೊಟ್ಟವನು ರೈತನೆಂದೋ ತೋಟದ ಬ್ರಾಹ್ಮಣನೆಂದೋ ತಿಳಿಯುವುದು. ಅವನು ಏನನ್ನು ಮರೆಮಾಡಿದನು, ಯಾಕೆ ಮರೆಮಾಡಿದನು ಎಂಬುದು ತಿಳಿಯದು. ಸರಕಾರದ ಕಡೆಯವನು ಬೆಳೆಯ ಲೆಕ್ಕವನ್ನು ಕೇಳಿದರೆ ಅದು ತೆರಿಗೆಗೆ ಹಾದಿಯಾದೀತೆಂಬ ಭಯ ರೈತನಿಗೆ ಸಹಜವಾದುದು. ಬೆಲ್ಲ ನೀರು ಕೊಟ್ಟವನು ಬಂದವನ ಉದ್ದೇಶವನ್ನು ಕೇಳುವ ಹಕ್ಕುಳ್ಳವನು. ಆ ಹಕ್ಕು ನಡೆಯದೆ ಹೋದೆಡೆಯಲ್ಲಿ ವಿಚಾರಣೆ ಬೆಳೆದೀತು, ಗೆಳೆತನ ಬೆಳೆಯದು.

ಮೂರನೆಯ ಸ್ಥಳ ತೀರ್ಥಹಳ್ಳಿ. ಇಲ್ಲಿ ಬೈಸಿಕಲ್ಲು ಬರುತ್ತದೆ, ಮತ್ತು ಕಣ್ಣಿನ ಸ್ಥಾನವೇ ಬದಲಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಮೇಗರವಳ್ಳಿಯ ಸೀಮೆಗೆ, ಕ್ರೈಸ್ತ ಮಿಶನ್ನಿನ ಜೀವರತ್ನಯ್ಯನ ಮೂಲಕ ಆ ವಾಹನ ಪ್ರವೇಶಿಸುತ್ತದೆ. ಊರವರು ಅದನ್ನು ‘ಬೀಸೆಕಲ್ಲು’ ಎಂದು ಕರೆಯುತ್ತಾರೆ. ಕೇಳಿ ಅರಿಯದ ಶಬ್ದವನ್ನು ತಮ್ಮ ಮನೆಯ ಬೀಸುವ ಕಲ್ಲಿಗೆ ಜೋಡಿಸಿಕೊಂಡ ಈ ಹೆಸರು ಬರಿಯ ಹಾಸ್ಯವಲ್ಲ. ಪ್ರವಾಸ ಕಥನಗಳಲ್ಲಿ ಬಂದವನು ಊರಿಗೆ ಹೆಸರಿಡುವನು. ಇಲ್ಲಿ ಊರು ಬಂದುದಕ್ಕೆ ಹೆಸರಿಡುತ್ತದೆ. ಓದುಗನು ಸವಾರನ ಹಿಂದೆ ಕುಳಿತಿಲ್ಲ, ಅಂಗಳದಲ್ಲಿ ನಿಂತು ನೋಡುತ್ತಿದ್ದಾನೆ.

ಬೆಟ್ಟಳ್ಳಿಯ ದೇವಯ್ಯನಿಗೂ ಜೀವರತ್ನಯ್ಯನಿಗೂ ಬೆಳೆಯುವ ಸ್ನೇಹವನ್ನು ಕವಿಯು ಚಿತ್ರಿಸಿರುವ ಬಗೆ ವಿಚಾರಯೋಗ್ಯವಾದುದು. ಸವಾರಿಯ ಆಸೆ, ಹೊಸ ನಾಗರಿಕತೆಯ ಬೆರಗು, ಮತಾಂತರದ ಆಲೋಚನೆ — ಇವು ಒಂದರ ಹಿಂದೆ ಒಂದು ಸಾಗುತ್ತವೆ. ಆ ಸ್ನೇಹ ಶುದ್ಧ ಕಪಟವೂ ಅಲ್ಲ, ನಿಷ್ಕಾಮವೂ ಅಲ್ಲ. ಕೊಡುವವನ ಲೆಕ್ಕವೂ ಕೊಳ್ಳುವವನ ಲೆಕ್ಕವೂ ಬೇರೆಯಾಗಿರುವಾಗ ಗೆಳೆತನ ಎಷ್ಟು ಭಾರವನ್ನು ಹೊತ್ತೀತೆಂಬುದನ್ನು ಕಾದಂಬರಿ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಹೊರಗಿನಿಂದ ಬಂದವನ ಮೇಲೆ ಹಾಸ್ಯದ ಬೆಳಕು ಬಿದ್ದಷ್ಟು ಕರುಣೆಯ ಬೆಳಕು ಬಿದ್ದಿಲ್ಲವೆಂಬ ಆಕ್ಷೇಪಣೆಗೆ ಅವಕಾಶವುಂಟು. ಆದರೂ ಜಗುಲಿಯ ಪರೀಕ್ಷೆಯಲ್ಲಿ ಈ ಕೃತಿ ಗೆಲ್ಲುತ್ತದೆ. ಏಕೆಂದರೆ ಅದು ಆ ಜಗುಲಿಯ ಮೇಲೆಯೇ ಹುಟ್ಟಿದುದು, ಆ ಜನರೇ ಓದಬಲ್ಲ ಭಾಷೆಯಲ್ಲಿ ಬರೆದುದು.

ಇಂದು ಈ ದಾರಿಗಳಲ್ಲಿ ಬೈಸಿಕಲ್ಲು ತುಳಿಯುವವರು ಎದುರಿಸಬೇಕಾದ ಪರೀಕ್ಷೆ ಇನ್ನೊಂದಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಗೆ ಇಳಿಯುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಮನೆಗಳು ನೀರಿನೊಳಗಾದವು; ಕುಟುಂಬಗಳು ಬೇರೆ ಊರುಗಳಿಗೆ ಚದರಿಹೋದವು. ಸಾಗರದಲ್ಲಿ ನೆಲೆಸಿ 2025ರಲ್ಲಿ ತೀರಿಕೊಂಡ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕೃತಿಗಳಲ್ಲಿ ಬರೆದುದು ಈ ನೋವನ್ನೇ. ಹಿನ್ನೀರಿನ ಸೊಬಗನ್ನು ಎರಡು ಪುಟ ವರ್ಣಿಸಿ, ಊಟವಿಕ್ಕಿದ ಮನೆಯವರನ್ನು ‘ನಿಮ್ಮ ಮೂಲ ಊರು ಯಾವುದು?’ ಎಂದು ಒಮ್ಮೆಯೂ ಕೇಳದೆ ಹೊರಡುವ ಪ್ರವಾಸಿ, ದೆಲ್ಲಾ ವಾಲ್ಲೆಯಷ್ಟು ದೂರವೂ ಸಾಗಲಿಲ್ಲವೆನ್ನಬೇಕು. ಅವನಾದರೂ ಕೇಳಿದನು.

ಕನ್ನಡದಲ್ಲಿ ಬರೆಯುವ ಪ್ರವಾಸಿಗೆ ರೋಮಿನವನಿಗೂ ಕಂಪೆನಿಯವನಿಗೂ ಇಲ್ಲದ ಒಂದು ಭಾಗ್ಯವೂ ಭಯವೂ ಉಂಟು. ಅವನ ಆತಿಥೇಯನೇ ಅವನ ವಾಚಕ. ಗಾಲಿಗೆ ಗಾಳಿ ತುಂಬಲು ನೆರವಾದ ಹುಡುಗ ನಾಳೆ ಆ ಲೇಖನವನ್ನು ಓದಿ, ಇಂಥ ಮಾತನ್ನು ತಾನು ಆಡಿರಲಿಲ್ಲವೆಂದು ಕಾಗದ ಬರೆದಾನು. ಆ ಕಾಗದ ಬರುವುದೆಂಬ ಎಚ್ಚರವನ್ನಿಟ್ಟುಕೊಂಡು ಬರೆಯುವವರ ಕೈಯಲ್ಲಿ ಪ್ರವಾಸ ಸಾಹಿತ್ಯ ಬೆಳೆಯುವುದು. ಮತ್ತೊಮ್ಮೆ ಆ ದಾರಿಯಲ್ಲಿ ಬಂದಾಗ, ಅಚ್ಚಾದ ಪುಟವನ್ನು ಚೀಲದಲ್ಲಿಟ್ಟುಕೊಂಡು, ಅದೇ ಮನೆಯ ಬಾಗಿಲಲ್ಲಿ ಇಳಿಯಲು ಅವರಿಗೆ ಅಳುಕಿರುವುದಿಲ್ಲ.