ಕೃಪೆ ಬಂದ ಮನೆಯಲ್ಲಿ ಧರ್ಮಶಾಸ್ತ್ರ

ಕೃಪೆ ಬಂದ ಮೇಲೆ ಮೋಶೆಯ ಧರ್ಮಶಾಸ್ತ್ರದ ಕಾಲ ಮುಗಿಯಿತು ಎಂಬ ಮಾತು ಕ್ರೈಸ್ತ ವಿಶ್ವಾಸಿಗಳಲ್ಲಿ ಚೆನ್ನಾಗಿ ಬೇರೂರಿದೆ. ಆಧಾರಕ್ಕೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ 14ನೇ ವಚನವನ್ನು ತೋರಿಸುತ್ತಾರೆ: ನೀವು ಧರ್ಮಶಾಸ್ತ್ರಕ್ಕಲ್ಲ, ಕೃಪೆಗೆ ಅಧೀನರು. ಅಲ್ಲಿಗೇ ಪುಸ್ತಕ ಮುಚ್ಚುವುದು ಸರಿಯಲ್ಲ. ಹಾಗಾದರೆ ಪಾಪ ಮಾಡಬಹುದೇ ಎಂದು ಮುಂದಿನ ವಚನದಲ್ಲಿ ಪೌಲನೇ ಕೇಳುತ್ತಾನೆ, ಕೂಡದೆಂದು ಖಡಾಖಂಡಿತವಾಗಿ ಉತ್ತರಿಸುತ್ತಾನೆ. ನಂಬಿಕೆಯು ಧರ್ಮಶಾಸ್ತ್ರವನ್ನು ಅಳಿಸುವುದಿಲ್ಲ ಎಂದು 3ನೇ ಅಧ್ಯಾಯದಲ್ಲೇ ಹೇಳಿಬಿಟ್ಟಿದ್ದಾನೆ.

ಹಳೆಯ ಒಡಂಬಡಿಕೆಯಲ್ಲಿ ಆಜ್ಞೆ ಪಾಲಿಸಿದವರಿಗೆ ಮಾತ್ರ ಬಿಡುಗಡೆ ಇತ್ತೆಂಬ ಕಲ್ಪನೆಯೇ ಈ ತಪ್ಪಿನ ಮೂಲ. ವಿಮೋಚನಕಾಂಡದ ಕ್ರಮವನ್ನೇ ನೋಡಿ. ಪಸ್ಕ 12ನೇ ಅಧ್ಯಾಯದಲ್ಲಿ, ಸಮುದ್ರ ದಾಟಿದ್ದು 14ರಲ್ಲಿ, ದಶಾಜ್ಞೆಗಳು 20ರಲ್ಲಿ. ಜನರು ಬಿಡುಗಡೆಯಾದದ್ದು ಮೊದಲು, ಆಜ್ಞೆ ಬಂದದ್ದು ಆಮೇಲೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಂತೂ ಸಬ್ಬತ್ತಿನ ಬಿಡುವು ಆಳಿಗೂ ದಾಸಿಗೂ ಎತ್ತಿಗೂ ಸಲ್ಲಬೇಕು. ಏಕೆಂದರೆ ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂದು ಕಾರಣವನ್ನೂ ಕೊಟ್ಟಿದೆ. ತಾವು ಪಡೆದ ಕರುಣೆಯನ್ನು ದುಡಿಯುವವರಿಗೆ ದಾಟಿಸುವ ಆಜ್ಞೆಯಿದು. ಇದನ್ನು ಕೃಪೆಯ ಶತ್ರು ಎನ್ನುವುದು ಹೇಗೆ?

ಗಲಾತ್ಯದವರಿಗೆ ಪೌಲ ಬರೆದ ಪತ್ರಿಕೆಯ ಸಿಟ್ಟು ನಿಜವೇ. ಸುನ್ನತಿಯಿಲ್ಲದೆ ಅನ್ಯಜನರಿಗೆ ರಕ್ಷಣೆಯಿಲ್ಲ ಎಂದವರ ಮೇಲೆ ಪೌಲ ಸಿಡಿದೆದ್ದ. ಅವನ ಪಕ್ಷವೇ ಸರಿ. ಆಜ್ಞೆಯನ್ನು ರಕ್ಷಣೆಯ ಬೆಲೆಯಾಗಿಸುವುದು ಸುವಾರ್ತೆಯನ್ನೇ ಕೆಡಿಸಿದಂತೆ. ಆದರೆ ಅದೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ನೆರೆಯವನನ್ನು ಪ್ರೀತಿಸೆಂಬ ಯಾಜಕಕಾಂಡದ ಆಜ್ಞೆಯನ್ನೇ ಅವನು ಸಭೆಯ ಮುಂದಿಡುತ್ತಾನೆ.

ಯೆರಿಕೋವಿನ ಜಕ್ಕಾಯನನ್ನು ನೆನೆಯಿರಿ. ಯಾವ ಷರತ್ತೂ ಹಾಕದೆ ಯೇಸು ಅವನ ಮನೆಗೆ ಹೋದ. ಆಮೇಲೆ ಆ ಸುಂಕದವನು ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ಆ ನಾಲ್ಕರ ಲೆಕ್ಕ ಮೋಶೆಯದು: ಕದ್ದ ಕುರಿಯನ್ನು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ ನಾಲ್ಕು ಕೊಡಬೇಕು. ತಪ್ಪನ್ನು ತಾನೇ ಒಪ್ಪಿಕೊಂಡವನಿಗೆ ಅಸಲಿನ ಮೇಲೆ ಐದನೇ ಒಂದು ಪಾಲು ಸಾಕಿತ್ತು. ಜಕ್ಕಾಯ ಹಗುರವಾದದ್ದನ್ನು ಬಿಟ್ಟು ಭಾರವಾದದ್ದನ್ನೇ ಹೊತ್ತ. ಧರ್ಮಶಾಸ್ತ್ರವನ್ನು ಸಂತೋಷದಿಂದ ಪಾಲಿಸುವ ಮನಸ್ಸನ್ನು ಅವನಿಗೆ ಕೊಟ್ಟದ್ದು ಕೃಪೆ.

ನಂಬಿಕೆಯೊಂದರಿಂದಲೇ ರಕ್ಷಣೆ ಎಂದು ಸಾರಿದ ಲೂಥರನೂ 1529ರ ತನ್ನ ಕಿರು ಪ್ರಶ್ನೋತ್ತರಿಯನ್ನು ಆರಂಭಿಸಿದ್ದು ದಶಾಜ್ಞೆಗಳಿಂದಲೇ. ಧರ್ಮಶಾಸ್ತ್ರಕ್ಕೆ ಸಭೆಯಲ್ಲಿ ಜಾಗವಿಲ್ಲ ಎಂದು ಅವನ ಜೊತೆಗಾರ ಯೋಹಾನ್ ಅಗ್ರಿಕೋಲ ವಾದಿಸಿದಾಗ, 1539ರಲ್ಲಿ ಲೂಥರ್ ಅವನ ವಿರುದ್ಧವೇ ಬರೆದ.

ಇಂದು ಧರ್ಮಶಾಸ್ತ್ರ ಮುಗಿಯಿತೆನ್ನುವ ಕೆಲವು ಬೋಧಕರೇ ದಶಮಾಂಶ ಕೇಳುವಾಗ ಹಳೆಯ ಒಡಂಬಡಿಕೆಯ ಮಲಾಕಿಯನ ಪುಸ್ತಕ ತೆರೆಯುತ್ತಾರೆ. ಇದು ವಿಶ್ವಾಸಿಗಳಿಗೆ ಮಾಡುವ ಅನ್ಯಾಯ. ಕೂಲಿಯವನ ಸಂಬಳವನ್ನು ಮರುದಿನದವರೆಗೆ ತಡೆಹಿಡಿಯಬಾರದು ಎಂಬ ಯಾಜಕಕಾಂಡದ 19ನೇ ಅಧ್ಯಾಯದ ಮಾತನ್ನೂ ಅದೇ ಧ್ವನಿಯಲ್ಲಿ ಸಭೆಗೆ ಓದಿ ಹೇಳಲಿ.