ನಾಣಿಗೆ ಹೇಳಿಕೊಟ್ಟವರು ಯಾರು?

‘ಘಟಶ್ರಾದ್ಧ’ ದೊಡ್ಡ ಕೃತಿ ಎಂಬುದರ ಬಗ್ಗೆ ನಮ್ಮ ಓದಿನ ಬಳಗದಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರೆಲ್ಲ ನಾಣಿಯ ಮೇಲೆ. ಧಾರವಾಡದ ಮಾಳಮಡ್ಡಿಯ ಗೆಳೆಯರೊಬ್ಬರ ಪಡಸಾಲೆಯಲ್ಲಿ ಚಹಾ ಬರುವುದಕ್ಕೂ ಮುಂಚೆಯೇ ನಿವೃತ್ತ ಮಾಸ್ತರರೊಬ್ಬರು ಶುರುಮಾಡಿದರು: “ಅಷ್ಟು ಸಣ್ಣ ಹುಡುಗಗ ಇಷ್ಟೆಲ್ಲಾ ಹೆಂಗ ತಿಳೀತದ್ರೀ? ಬಾಯಿ ಹುಡುಗಂದು, ನಾಲಿಗಿ ಅನಂತಮೂರ್ತಿಯವರದು.”

ಓದದವರಿಗಾಗಿ ಎರಡು ಮಾತು. ಅರವತ್ತರ ದಶಕದ ಮೊದಲಲ್ಲಿ ಬಂದ, ಯು.ಆರ್. ಅನಂತಮೂರ್ತಿಯವರ ‘ಪ್ರಶ್ನೆ’ ಸಂಕಲನದಲ್ಲಿರುವ ನೀಳ್ಗತೆ ಇದು. ಕಾದಂಬರಿ ಎನ್ನಲು ಗಾತ್ರ ಸಾಲದು, ಆದರೆ ಓದಿ ಮುಗಿಸಿದ ಮೇಲೆ ಕಾದಂಬರಿಯಷ್ಟೇ ಭಾರ. ವೇದ ಕಲಿಯಲೆಂದು ಶೇಷಗಿರಿ ಉಡುಪರ ಪಾಠಶಾಲೆಗೆ ಬಂದ ಪುಟ್ಟ ಮಾಣಿ ನಾಣಿ. ಮನೆ ಬಿಟ್ಟು ಬಂದವನಿಗೆ ಅಲ್ಲಿ ಆಸರೆ ಎಂದರೆ ಉಡುಪರ ಮಗಳು, ವಿಧವೆ ಯಮುನಕ್ಕ. ಆಕೆ ಬಸಿರಾಗುತ್ತಾಳೆ, ಊರಿಗೆ ಗೊತ್ತಾಗುತ್ತದೆ. ಕಡೆಗೆ ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಜಾತಿಯಿಂದ ಹೊರಗಿಡುತ್ತಾನೆ. ಇಷ್ಟನ್ನೂ ನಮಗೆ ಹೇಳುವವನು ನಾಣಿ.

ಮಾಸ್ತರರ ಮಾತಿಗೆ ಉತ್ತರ ಬಂದದ್ದು ಹೈಕೋರ್ಟ್‌ನ ಧಾರವಾಡ ಪೀಠದಲ್ಲಿ ವಕೀಲಿಕಿ ಮಾಡುವ ಮಿತ್ರರಿಂದ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮು ಇಂತಿಷ್ಟು ವಯಸ್ಸಾಗಿರಬೇಕು ಎನ್ನುವುದಿಲ್ಲವಂತೆ. ಕೇಳಿದ ಪ್ರಶ್ನೆ ತಿಳಿದು, ಅದಕ್ಕೆ ಸರಿಯಾದ ಉತ್ತರ ಕೊಡಬಲ್ಲ ಮಗುವಿನ ಸಾಕ್ಷಿಯನ್ನು ಕೋರ್ಟು ಕೇಳುತ್ತದೆ. ಆದರೆ ಜಡ್ಜ್ ಸಾಹೇಬರು ಒಂದನ್ನು ಮಾತ್ರ ಕಣ್ಣಿಟ್ಟು ನೋಡುತ್ತಾರೆ: ಈ ಹುಡುಗಗೆ ಯಾರಾದರೂ ಹೇಳಿಕೊಟ್ಟು ಕರೆತಂದಿದ್ದಾರೆಯೇ? “ಹೇಳಿಕೊಟ್ಟ ಹುಡುಗ ಎಲ್ಲಾ ಸರಿಯಾಗಿ ಹೇಳ್ತಾನ್ರೀ. ಅಲ್ಲೇ ಸಿಕ್ಕೊಂಡು ಬೀಳ್ತಾನ.”

ಆ ಅಳತೆಗೋಲು ನನಗೆ ಬಹಳ ಹಿಡಿಸಿತು. ಅದನ್ನೇ ಹಿಡಿದು ನೋಡಿದರೆ ನಾಣಿ ಪಾಸಾಗುತ್ತಾನೆ ಎಂಬುದು ನನ್ನ ತೀರ್ಪು. ಯಮುನಕ್ಕ ಹುತ್ತದೊಳಗೆ ಕೈ ಹಾಕುವ ಆ ಗಳಿಗೆಯನ್ನೇ ತಗೊಳ್ಳಿ. ಹುಡುಗನಿಗೆ ಅದು ಹಾವಿನ ಹುತ್ತ, ಅಕ್ಕನಿಗೆ ಹಾವು ಕಡಿದೀತೆಂಬ ಹೆದರಿಕೆ. ಅವಳು ಸಾವನ್ನೇ ಹುಡುಕಿಕೊಂಡು ಕೈ ಚಾಚಿದ್ದಾಳೆ ಎಂಬುದು ನಮಗೆ ಮೊದಲು ಹೊಳೆಯುತ್ತದೆ. ನಮಗೆ ಹೊಳೆದದ್ದು ಅವನಿಗೆ ಹೊಳೆದಿಲ್ಲ. ಕಥೆ ಓಡುವುದೇ ಈ ಅಂತರದ ಮೇಲೆ. ಮಾಸ್ತರರು “ಹೆಂಗ ತಿಳೀತದ” ಎಂದರಲ್ಲ, ಅವನಿಗೆ ತಿಳಿದಿಲ್ಲ, ತಿಳಿದವರು ನಾವು. ಹಾಗೆಂದು ಮಾಸ್ತರರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕಾಡು, ಕತ್ತಲೆ, ಭಯದ ವರ್ಣನೆ ಬಂದಾಗ ಅಲ್ಲಲ್ಲಿ ನವ್ಯದ ಕಾಲದ ಇಂಗ್ಲಿಷ್ ಮೇಷ್ಟ್ರು ಹುಡುಗನ ಬೆನ್ನಿಗೆ ನಿಂತದ್ದು ಕಾಣುತ್ತದೆ.

ಬಳಗದ ಇನ್ನೊಂದು ಅಸಮಾಧಾನ ಹಳೆಯದು, ಮಾಳಮಡ್ಡಿಗೆ ಪರಿಚಿತವಾದದ್ದು: ಅಗ್ರಹಾರವನ್ನು ಬಯಲಿಗೆಳೆಯಲು ಲೇಖಕ ಮಗುವಿನ ಮರೆಯಲ್ಲಿ ನಿಂತಿದ್ದಾನೆ, ಮಗುವಿನ ಮೇಲೆ ಯಾರೂ ಕೈ ಎತ್ತುವುದಿಲ್ಲವಲ್ಲ! ಇದೇ ಊರಿನಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪ್ರಕಟಿಸಿತು. ಮಾಧ್ವರ ಅಗ್ರಹಾರದ ಆ ಕಾದಂಬರಿ ಸುಭಾಸ ರಸ್ತೆಯ ಅಟ್ಟದಿಂದಲೇ ಹೊರಟಿತೆಂಬುದನ್ನು ನಮ್ಮೂರಿನ ಹಿರಿಯರು ಮರೆತಿಲ್ಲ. ಕೆಲವರು ಕ್ಷಮಿಸಿಯೂ ಇಲ್ಲ. ಆದರೆ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ ವಾದ ಮಾಡುವ ಮನುಷ್ಯ, ಅವನೊಡನೆ ಜಗಳಕ್ಕೆ ಇಳಿಯಬಹುದು. ನಾಣಿಯೊಡನೆ ಜಗಳ ಆಡುವುದು ಹೇಗೆ? ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಒಂದನ್ನು ಮಾತ್ರ ನೆನಪಿಸಬೇಕು. ಅನಂತಮೂರ್ತಿಯವರೂ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರು. ಆ ಜಗುಲಿ ಅವರಿಗೆ ಹೊರಗಿನದಲ್ಲ.

ಗಿರೀಶ ಕಾಸರವಳ್ಳಿಯವರ 1977ರ ಸಿನೆಮಾ ನೋಡಿ ಬಂದವರದೇ ಬೇರೆ ಪಕ್ಷ. ಕಾಸರವಳ್ಳಿಯವರ ಮೊದಲ ಕಥಾಚಿತ್ರ ಅದು, ಸ್ವರ್ಣಕಮಲ ಪಡೆದದ್ದು. ಪುನಶ್ಚೇತನಗೊಂಡ ಅದರ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಪುಸ್ತಕ ಒಗ್ಗದವರೂ ಸಿನೆಮಾ ಮೆಚ್ಚುತ್ತಾರೆ, ಕಾರಣ ಸರಳ ಎಂದು ನನಗನಿಸುತ್ತದೆ. ಪುಟದ ಮೇಲೆ ನಾವು ನಾಣಿಯ ಕಣ್ಣೊಳಗೆ ಕೂತಿರುತ್ತೇವೆ, ಅವನ ಮುಖ ನಮಗೆ ಕಾಣುವುದಿಲ್ಲ. ತೆರೆಯ ಮೇಲೆ ಆ ಮುಖ ಎದುರಿಗೇ ಇದೆ, ಜುಟ್ಟು ಬಿಟ್ಟ, ಕಣ್ಣರಳಿಸಿದ ಹುಡುಗ. ಅವನನ್ನು ಕಂಡು ಮರುಗಬಹುದು, ಮರುಕದಲ್ಲಿ ಒಂದಿಷ್ಟು ಹಗುರಾಗಬಹುದು. ಪುಸ್ತಕ ಆ ಸೌಲಭ್ಯ ಕೊಡುವುದಿಲ್ಲ. ನಾನಂತೂ ಪುಸ್ತಕದ ಪಕ್ಷ.

ಇಷ್ಟಾದರೂ ಅವತ್ತಿನ ಗಟ್ಟಿ ಮಾತು ಬಂದದ್ದು ತಡವಾಗಿ, ಹುಬ್ಬಳ್ಳಿಯಿಂದ ಬರುವ ಬ್ಯಾಂಕ್ ಉದ್ಯೋಗಿ ಅಕ್ಕೋರಿಂದ. “ಹುಡುಗ ಸುಳ್ಳ ಹೇಳ್ಯಾನೋ ಖರೇ ಹೇಳ್ಯಾನೋ, ಅದು ಬ್ಯಾರೆ. ಯಮುನಾನ ಮನಸ್ಸಿನ್ಯಾಗ ಏನಿತ್ತು ಅಂತ ಯಾರರ ಕೇಳೀರೇನು? ಆಕಿ ಹಾಳಾಗಿದ್ದು ಈ ಮಾಣಿಗೊಂದು ಪಾಠ ಆತು, ಅಷ್ಟ.” ಎಲ್ಲರೂ ಸುಮ್ಮನಾದೆವು. ಹಾರ್ಪರ್ ಲೀಯವರ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಗೂ ಬರುವ ದೂರು ಇದೇ. ಮಾಡದ ತಪ್ಪಿಗೆ ಶಿಕ್ಷೆಯಾಗಿ ಸಾಯುವ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್, ಆದರೆ ಬೆಳೆಯುವವಳು, ಕಲಿಯುವವಳು ಸ್ಕೌಟ್ ಎಂಬ ಬಿಳಿಯ ಹುಡುಗಿ. ಪುಲಿಟ್ಜರ್ ಬಂದ ಆ ಪುಸ್ತಕವನ್ನು ಫ್ಲ್ಯಾನರಿ ಓಕಾನರ್ ಮಕ್ಕಳ ಪುಸ್ತಕವೆಂದೇ ಬದಿಗಿಟ್ಟಿದ್ದರು. ನಾನು ಅಷ್ಟು ದೂರ ಹೋಗಲಾರೆ, ‘ಘಟಶ್ರಾದ್ಧ’ದ ಮಟ್ಟಿಗಂತೂ ಖಂಡಿತ ಹೋಗಲಾರೆ. ನಾಣಿ ಪಾಠ ಕಲಿತು ಜಾಣನಾಗುವುದಿಲ್ಲ, ಅಪ್ಪನ ಹಿಂದೆ ಊರಿಗೆ ಹೊರಡುತ್ತಾನೆ, ಅಷ್ಟೇ. ಆದರೂ ಅಕ್ಕೋರ ಪ್ರಶ್ನೆಗೆ ಕಥೆಯೊಳಗಿನಿಂದ ಉತ್ತರ ತೆಗೆದುಕೊಡಲು ನನ್ನಿಂದ ಆಗಲಿಲ್ಲ. ಯಮುನಕ್ಕನನ್ನು ಅಷ್ಟು ಪ್ರೀತಿಸುವ ಮಗುವಿಗೂ ಅವಳೊಳಗೆ ಪ್ರವೇಶವಿಲ್ಲ. ಮಗುವಿನ ಕೈಯಲ್ಲಿ ಕಥೆ ಕೊಟ್ಟ ಲೇಖಕ ಆ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಯಿತು.

ಮುಂದಿನ ಸಲಕ್ಕೆ ವೈದೇಹಿಯವರ ‘ಅಮ್ಮಚ್ಚಿಯೆಂಬ ನೆನಪು’ ಇರಲಿ ಎಂದು ಸೂಚಿಸಿದವರೂ ಅಕ್ಕೋರೇ. ಅಲ್ಲಿ ಅಮ್ಮಚ್ಚಿ ಬಾಯಿ ಮುಚ್ಚಿಕೊಂಡು ಕೂಡ್ರುವ ಪೈಕಿ ಅಲ್ಲ. ಮಾಸ್ತರರು ತಮ್ಮ ಮಾತು ಹಿಂದಕ್ಕೆ ತಗೊಂಡಿಲ್ಲ, ವಕೀಲರು ಹೊಸ ಸಾಕ್ಷಿಯನ್ನು ಪಾಟೀಸವಾಲಿಗೆ ಕರೆಯಲು ಈಗಲೇ ತಯಾರು.